ಜಿವಾನಾ ಕೂರದ ಹಬ್ಬ

ಮಾಚ್ವಾ ಬಯಲಿನ ಆ ಊರಿನಲ್ಲಿ ರಾದಿಸಾವನ ಹೆಂಡತಿ ಜಿವಾನಾಳ ಮಾತು ಬಂದರೆ ಮೊದಲು ಬರುತ್ತಿದ್ದುದು ಅವಳ ಮೈಯ ಮಾತು. ಗಳುವಿಗೆ ಏಪ್ರನ್ ಕಟ್ಟಿ ನಿಲ್ಲಿಸಿದ ಹಾಗಿದ್ದಾಳೆ ಎನ್ನುತ್ತಿದ್ದರು. ಶಾಬಾತ್ಸ್ ಪಟ್ಟಣಕ್ಕೆ ಬಸ್ಸು ಓಡಿಸುತ್ತಿದ್ದ ರಾದಿಸಾವ್ ಮಾತ್ರ ಸ್ಟೀರಿಂಗಿಗೂ ಸೀಟಿಗೂ ನಡುವೆ ಹಿಡಿಯದಷ್ಟು ದಪ್ಪ. ಇಬ್ಬರೂ ಜೊತೆಯಾಗಿ ಚರ್ಚಿಗೆ ಹೊರಟರೆ ಅಂಗಡಿ ಮುಂದೆ ನಿಂತ ಗಂಡಸರು, “ಅವಳ ಪಾಲಿಂದೂ ನೀನೇ ತಿಂತೀಯೇನೋ ರಾದಿಸಾವ್?” ಎಂದು ರೇಗಿಸುತ್ತಿದ್ದರು. ನಿಜ ಹೇಳಬೇಕೆಂದರೆ ಅವಳ ಪಾಲಿನದನ್ನು ಅವಳೇ ತಿನ್ನುತ್ತಿದ್ದಳು, ಅದೂ ಚೆನ್ನಾಗಿಯೇ. ಒಲೆಯ ಪಕ್ಕ ನಿಂತು ದಪ್ಪ ಬ್ರೆಡ್ಡಿಗೆ ಹಂದಿಯ ನೆಣ ಸವರಿ, ಮೇಲೆ ಉಪ್ಪು, ಕೆಂಪು ಮೆಣಸಿನ ಪುಡಿ ಉದುರಿಸಿ, ಹಸಿ ಈರುಳ್ಳಿ ಕಚ್ಚಿಕೊಳ್ಳುತ್ತಾ ತಿನ್ನುವುದು ಅವಳ ಬೆಳಗಿನ ತಿಂಡಿ. ಹೊಲದಿಂದ ಬಂದ ಮೇಲೆ ಅದೇ ಇನ್ನೊಂದು ಸಲ. ಅಷ್ಟೆಲ್ಲ ಎಲ್ಲಿಗೆ ಹೋಗುತ್ತಿತ್ತೋ, ಮೈಗಂತೂ ಹತ್ತುತ್ತಿರಲಿಲ್ಲ.

ನೆಣ ಕಾಯಿಸುವುದರಲ್ಲಿ ಅವಳದು ಎತ್ತಿದ ಕೈ. ಚಳಿ ಬಿದ್ದು ಹಂದಿ ಕೊಯ್ಯುವ ದಿನ ಬಂತೆಂದರೆ ಅಂಗಳದಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು, ಕತ್ತರಿಸಿದ ನೆಣವನ್ನು ಅದಕ್ಕೆ ಸುರಿದು, ಉದ್ದ ಕೋಲಿನ ಸೌಟು ಹಿಡಿದು ನಿಲ್ಲುತ್ತಿದ್ದಳು. ತಿಳಿಯಾದ ನೆಣ ಡಬ್ಬಿಗೆ ಹೋಗುತ್ತಿತ್ತು. ತಳದಲ್ಲಿ ಉಳಿದು ಕೆಂಪಗೆ ಗರಿಗರಿಯಾಗುವ ನೆಣಚೂರು ಕ್ರಿಸ್ಮಸ್ಸಿಗೆಂದು ಜಾಡಿಗೆ. ಯಾವಾಗ ಇಳಿಸಬೇಕೆಂದು ಯಾರಾದರೂ ಕೇಳಿದರೆ, “ಅದೇ ಹೇಳತ್ತೆ” ಎನ್ನುತ್ತಿದ್ದಳು. ಅದು ಅವಳೊಬ್ಬಳಿಗೇ ಯಾಕೆ ಹೇಳುತ್ತದೆಂದು ಊರ ಹೆಂಗಸರಿಗೆ ಹೊಟ್ಟೆಕಿಚ್ಚು.

ಆದರೆ ಅವಳನ್ನು ಊರೆಲ್ಲ ಹೊಗಳುತ್ತಿದ್ದುದು ನೆಣಕ್ಕಲ್ಲ, ನೆನಪಿಗೆ. ಮನೆತನದ ಸಂತನ ಹಬ್ಬಕ್ಕೆ, ಅಂದರೆ ಸ್ಲಾವಾಕ್ಕೆ, ಅಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಒಮ್ಮೆ ಬಂದು ಉಂಡವರು ಪ್ರತಿ ವರ್ಷ ತಾವಾಗಿಯೇ ಬರುತ್ತಾರೆ, ಬರದೇ ಇದ್ದರೆ ಅದೊಂದು ಸುದ್ದಿ. ಯಾರು ಬರುತ್ತಾರೆ, ಯಾರಿಗೆ ಹುಳಿ ಆಗದು, ಯಾರ ಪಕ್ಕ ಯಾರನ್ನು ಕೂರಿಸಿದರೆ ಬೇಲಿಯ ಜಗಳ ಮೇಜಿನ ಮೇಲೆ ಬರುತ್ತದೆ, ಇದನ್ನೆಲ್ಲ ಮನೆಯಾಕೆ ತಲೆಯಲ್ಲೇ ಇಟ್ಟುಕೊಳ್ಳಬೇಕು. ಜಿವಾನಾ ಸತ್ತವರನ್ನು ಕಳೆದು, ಹುಟ್ಟಿದವರನ್ನು ಕೂಡಿಸಿ, ಮುನಿಸಿಕೊಂಡವರನ್ನು ಬೇರೆ ಹೊತ್ತಿಗೆ ಹೊಂದಿಸಿ ಅಡುಗೆ ಮಾಡುತ್ತಿದ್ದಳು. ಅಡುಗೆ ಸಾಲದೆ ಹೋದದ್ದೂ ಇಲ್ಲ, ಮಿಕ್ಕಿ ಹಾಳಾದದ್ದೂ ಇಲ್ಲ.

ಇನ್ನೊಂದು ಕಟ್ಟು ಇದೆ. ಆ ದಿನ ಮನೆಯೊಡೆಯ, ಮನೆಯಾಕೆ ಇಬ್ಬರೂ ಕೂರುವಂತಿಲ್ಲ. ಬೆಳಗಿನಿಂದ ಕತ್ತಲಾಗುವವರೆಗೆ ನಿಂತೇ ಬಡಿಸಬೇಕು. ಕೂರುವವರು ಅತಿಥಿಗಳು. ಮೊಣಕಾಲು ಊದಿದ ವರ್ಷವೂ, ಮಗ ವೊಯಿನ್ ಹೊಟ್ಟೆಯಲ್ಲಿದ್ದ ವರ್ಷವೂ ಜಿವಾನಾ ಕೂರಲಿಲ್ಲ.

ಅವಳು ಗುಡ್ಡದ ಕಡೆಯ ಹುಡುಗಿ. ತವರಿನ ಸಂತ ಯೊವಾನ್, ಅವನ ಹಬ್ಬ ಜನವರಿಯಲ್ಲಿ, ಕ್ರಿಸ್ಮಸ್ ಕಳೆದ ಮೇಲೆ. ಹಂದಿಮಾಂಸ, ನೆಣ, ನೆಣಚೂರು ಸೇರಿಸಿ ಸುಟ್ಟ ಬಿಸಿ ಬನ್ನು, ಏನು ಬೇಕಾದರೂ ನಡೆಯುತ್ತದೆ. ಗಂಡನ ಮನೆಯ ಸಂತ ನಿಕೊಲಾ. ಅವನು ಬರುವುದು ಡಿಸೆಂಬರಿನಲ್ಲಿ, ಕ್ರಿಸ್ಮಸ್ ಮುಂಚಿನ ಉಪವಾಸದ ನಟ್ಟನಡುವೆ. ಮಾಂಸ, ನೆಣ, ಹಾಲು, ಮೊಟ್ಟೆ ಯಾವುದೂ ಇಲ್ಲ, ಮೀನಿಗೆ ಮಾತ್ರ ಅಡ್ಡಿಯಿಲ್ಲ. ಗೆಂಡೆ ಮೀನು, ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ, ಅಕ್ರೋಟು ಬೆರೆಸಿದ ಗೋಧಿ, ಇಷ್ಟೇ. ಮದುವೆಯಾದ ವರ್ಷ ಸೊಸೆಯ ಕೈ ಅಭ್ಯಾಸಬಲದಿಂದ ನೆಣದ ಡಬ್ಬಿಗೆ ಹೋದಾಗ ಅತ್ತೆ ಸೌಟಿನಿಂದ ಬೆರಳಿಗೆ ಒಂದು ಕೊಟ್ಟು, “ನಮ್ಮ ಸಂತ ಎಣ್ಣೆ ಉಣ್ಣೋನು ಕಣೇ, ನಿಮ್ಮಪ್ಪನ ಮನೆಯೋನಲ್ಲ” ಎಂದಿದ್ದಳು. ಆಮೇಲೆ ಅವಳು ಆ ತಪ್ಪು ಮಾಡಲಿಲ್ಲ.

ರಾದಿಸಾವನ ಎದೆ ಕೈಕೊಟ್ಟದ್ದು ಅವನು ಕೆಲಸದಿಂದ ನಿವೃತ್ತನಾಗುವ ಹೊತ್ತಿಗೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮನೆಯಲ್ಲಿ ಇಬ್ಬರೂ ತಿನ್ನುವುದು ಒಂದೇ ಊಟವಲ್ಲವೇ ಎಂದು ಹೆಂಡತಿಯ ರಕ್ತವನ್ನೂ ಪರೀಕ್ಷೆ ಮಾಡಿದರು. ಕೊಲೆಸ್ಟರಾಲ್ ಅವನಿಗಿಂತ ಅವಳಿಗೇ ಜಾಸ್ತಿ ಬಂತು. ಮನೆಯೆಲ್ಲ ನಕ್ಕಿತು. “ಚೀಟಿ ಅದಲುಬದಲಾಗಿದೆ” ಎಂದ ವೊಯಿನ್. “ನನ್ನ ಮೈ ಹಿಂಡಿದ್ರೆ ಒಂದು ದೀಪ ಹಚ್ಚೋಷ್ಟೂ ನೆಣ ಬರಲ್ಲ” ಎಂದಳು ಜಿವಾನಾ. ಎಲ್ಲರಿಗಿಂತ ಜೋರಾಗಿ ನಕ್ಕವನು ಹಾಸಿಗೆಯ ಮೇಲಿದ್ದ ರಾದಿಸಾವ್. ನಗುವಾಗ ಎದೆ ನೋಯುತ್ತಿತ್ತು, ಆದರೂ ನಕ್ಕ.

ಅಂದಿನಿಂದ ಆ ಮನೆಯಲ್ಲಿ ಕಾಯಿಲೆ ಎಂದರೆ ರಾದಿಸಾವನ ಕಾಯಿಲೆ. ಅವನ ಅಡುಗೆಗೆ ಎಣ್ಣೆ, ಅದೂ ಅಳೆದು. ಅವನ ಮಾತ್ರೆ ಹೊತ್ತುಹೊತ್ತಿಗೆ, ಜಿವಾನಾ ನೀರಿನ ಲೋಟ ಹಿಡಿದು ಎದುರಿಗೆ ನಿಂತು ನುಂಗಿಸುತ್ತಿದ್ದಳು. ಅವನಿಗೆ ಬೇಡವಾದ ನೆಣ ಹಾಳಾಗಬಾರದಲ್ಲ, ಅದೂ ಅವಳ ಬ್ರೆಡ್ಡಿಗೇ ಹೋಯಿತು. ಅವಳಿಗೆಂದು ಬರೆದುಕೊಟ್ಟ ಮಾತ್ರೆ ಗುಂಡಿ, ದಾರದ ಉಂಡೆಗಳ ಜೊತೆ ಹೊಲಿಗೆ ಡಬ್ಬಿಯಲ್ಲಿ ಕೂತಿತು. ರಾದಿಸಾವ್ ತೆಳ್ಳಗಾದ, ಮುಖಕ್ಕೆ ಬಣ್ಣ ಬಂತು. ಹೆಂಡತಿ ಅಂದರೆ ಹೀಗಿರಬೇಕೆಂದು ಊರು ಹೊಗಳಿತು. ಅವನಿಗೂ ಹೆಮ್ಮೆಯಾಗುತ್ತಿತ್ತು. ಆ ಹೊಲಿಗೆ ಡಬ್ಬಿಯನ್ನು ತೆಗೆದು ನೋಡಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ.

ಒಂದು ಬೆಳಿಗ್ಗೆ ಬೆಳ್ಳುಳ್ಳಿ ಜಡೆ ಹೆಣೆಯುತ್ತಾ ಕೂತಿದ್ದವಳ ಬಾಯಿ ಒಂದು ಕಡೆಗೆ ಜಾರಿತು. ಕೈಯಿಂದ ಬೆಳ್ಳುಳ್ಳಿ ಬಿತ್ತು. ಮಾತು ತೊದಲಿತು. ಮಹಡಿಯ ಮೇಲಿದ್ದ ಸೊಸೆ ಗೊರಿತ್ಸಾ ಇಳಿದು ಬರುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. “ರಾತ್ರಿ ಮಗ್ಗುಲು ಬದಲಾಯಿಸದೆ ಮಲಗ್ಬಿಟ್ಟಿದ್ದೆ” ಎಂದು ಜಿವಾನಾ ಕೆನ್ನೆ ತಿಕ್ಕಿಕೊಂಡಳು. ಡಾಕ್ಟರ ಹತ್ತಿರ ಹೋಗೋಣವೆಂದು ಗೊರಿತ್ಸಾ ಅಂದಳು, ನಾಳೆ ನೋಡೋಣವೆಂದು ರಾದಿಸಾವ್ ಅಂದ, ನಾಳೆ ಜೋಳ ಕೀಳುವ ದಿನವಾಗಿತ್ತು.

ಆಮೇಲೆ ಒಂದೊಂದಾಗಿ ಶುರುವಾಯಿತು. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು. ಕೋಳಿ ಗೂಡಿನ ಬಾಗಿಲ ಮುಂದೆ ನಿಂತು ಯಾಕೆ ಬಂದೆನೆಂಬ ಯೋಚನೆ. ಸಂತೆಗೆ ಹೋದವಳು ಹುಟ್ಟೂರಿನ ಬಸ್ಸು ಹತ್ತಿ ಕೂತಿದ್ದಳು. ಅದರ ಡ್ರೈವರು, ರಾದಿಸಾವನ ಜೊತೆ ದುಡಿದವನಾದ್ದರಿಂದ, ಇಳಿಸಿಕೊಂಡು ಮನೆ ಮುಟ್ಟಿಸಿದ. ಎಲ್ಲಕ್ಕಿಂತ ರಾದಿಸಾವನಿಗೆ ದಿಗಿಲಾದದ್ದು ಒಂದು ಸಣ್ಣ ಮಾತಿನಿಂದ. ಎದುರುಮನೆಯ ಮಿಲುತಿನ್ ಸತ್ತು ಎರಡು ಚಳಿಗಾಲವಾಗಿತ್ತು. ಅವಳೇ ಮಣ್ಣಿಗೆ ಹೋಗಿ ಬಂದಿದ್ದಳು. “ಮಿಲುತಿನ್‌ಗೆ ಮೀನಿನ ತಲೆ ತೆಗೆದಿಡ್ಬೇಕು, ಮರ್ತೇಬಿಟ್ಟೇನು” ಎಂದಳು. ಕೂಡಿಸಿ ಕಳೆಯುತ್ತಿದ್ದ ಆ ತಲೆ ಲೆಕ್ಕ ತಪ್ಪಿತ್ತು.

ಕೊನೆಗೂ ಶಾಬಾತ್ಸಿಗೆ ಕರೆದುಕೊಂಡು ಹೋದ. ಡಾಕ್ಟರ್ ನೆವೆನಾ ಸಣ್ಣ ವಯಸ್ಸಿನವಳು, ಸಮಾಧಾನಿ. ಮಿದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು, ಜಿವಾನಾಳನ್ನು ನರ್ಸ್ ಜೊತೆ ಹೊರಗೆ ಕಳಿಸಿದ ಮೇಲೆ ರಾದಿಸಾವನಿಗೆ ತೋರಿಸಿದಳು.

“ಇಲ್ಲಿ ನೋಡಿ, ಬಿಳಿ ಚುಕ್ಕೆ. ಇಲ್ಲೊಂದು, ಇಲ್ಲೊಂದು. ಇಷ್ಟಿಷ್ಟು ಜಾಗಕ್ಕೆ ರಕ್ತ ಹೋಗದೆ ಸತ್ತಿದೆ. ಅವತ್ತು ಬಾಯಿ ಸೊಟ್ಟಗಾಯ್ತು ಅಂದ್ರಲ್ಲ, ಅಂಥದ್ದು ನಿಮ್ಮ ಕಣ್ಣಿಗೆ ಬೀಳದೆ ಎಷ್ಟೋ ಸಲ ಆಗಿದೆ. ಕತ್ತಿನ ರಕ್ತನಾಳ ಎರಡೂ ಕಡೆ ಕಿರಿದಾಗಿದೆ.”

“ಯಾಕೆ ಹೀಗಾಯ್ತು?”

“ಒಂದೇ ಕಾರಣ ಅಂತ ಹೇಳಕ್ಕಾಗಲ್ಲ. ರಕ್ತದೊತ್ತಡ ಇದೆ, ವಯಸ್ಸಿದೆ, ಅವರಮ್ಮನಿಗೂ ಕಡೆಗಾಲದಲ್ಲಿ ಮರೆವಿತ್ತು ಅಂದ್ರಿ. ಜೊತೆಗೆ ಕೊಲೆಸ್ಟರಾಲ್ ಎಷ್ಟೋ ವರ್ಷದಿಂದ ವಿಪರೀತ ಇತ್ತು. ಅದು ನಾಳದ ಒಳಗೋಡೆಗೆ ಕೂತು ಕೂತು ದಾರಿ ಕಟ್ಟುತ್ತೆ. ಎದೇಲಿ ಕಟ್ಟಿದ್ರೆ ನಿಮ್ಮ ಹಾಗೆ ನೋವು ಬರುತ್ತೆ, ಓಡಿ ಬರ್ತೀರಿ. ಮಿದುಳಲ್ಲಿ ಹೀಗೆ ಸದ್ದಿಲ್ಲದೆ ಆಗುತ್ತೆ.”

“ಅವಳು ಕಡ್ಡಿ ಹಾಗಿದಾಳಲ್ಲಮ್ಮ.”

“ರಕ್ತದಲ್ಲಿರೋದು ಸೊಂಟದ ಮೇಲೆ ಕಾಣಲೇಬೇಕು ಅಂತಿಲ್ಲ ತಾತ. ತೆಳ್ಳಗಿರೋರನ್ನ ಯಾರೂ ಕೇಳೋದೇ ಇಲ್ಲ, ಅದೇ ಕಷ್ಟ. ಮಾತ್ರೆ ಬರೆದುಕೊಟ್ಟಿದ್ರಂತಲ್ಲ, ತಗೊಂಡ್ರಾ?”

ರಾದಿಸಾವ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. “ಇವತ್ತಿಂದ ನೆಣ ಮುಟ್ಟಿಸಲ್ಲ. ಮಾತ್ರೆ ನಾನೇ ನುಂಗಿಸ್ತೀನಿ. ಹೋಗಿರೋದು ವಾಪಸ್ ಬರುತ್ತಾ?”

“ಹೋಗಿದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ನೋಡ್ಬಹುದು. ಮಾತ್ರೆ ಬಿಡಬೇಡಿ. ಒಲೆ ಹತ್ರ ಒಬ್ಬರನ್ನೇ ಬಿಡಬೇಡಿ.”

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಜಿವಾನಾ ಕಿಟಕಿಯಾಚೆ ಒಂದೊಂದೇ ಮನೆ ತೋರಿಸಿ ಯಾರು ಯಾರ ಮಗಳನ್ನು ತಂದರೆಂದು ಹೇಳುತ್ತಾ ಬಂದಳು, ಒಂದೂ ತಪ್ಪಿಲ್ಲದೆ. ಹಳೆಯದೆಲ್ಲ ಗಟ್ಟಿಯಾಗಿತ್ತು. ರಾದಿಸಾವ್ ಹ್ಞೂಂಗುಟ್ಟುತ್ತಾ, ಅಂದು ಆಸ್ಪತ್ರೆಯ ಹಾಸಿಗೆಯಲ್ಲಿ ತಾನು ನಕ್ಕದ್ದನ್ನೇ ನೆನೆಯುತ್ತಿದ್ದ. ನನ್ನ ಎದೆಯನ್ನು ಅವಳು ಉಳಿಸಿಕೊಂಡಳು, ಅವಳ ತಲೆಯನ್ನು ನಾನು ಕೇಳಲೂ ಇಲ್ಲ ಎಂದುಕೊಂಡ. ಆ ಮಾತು ಆಮೇಲೆ ಅವನನ್ನು ಬಿಡಲೇ ಇಲ್ಲ.

ಅವನ ಅಕ್ಕ ಲೆಪೊಸಾವಾ ಬಂದದ್ದು ಹಬ್ಬಕ್ಕೆ ಮುಂಚಿನ ವಾರ. ಊರ ಇನ್ನೊಂದು ತುದಿಯಲ್ಲಿ ಮಗಳ ಮನೆಯಲ್ಲಿದ್ದ ಆಕೆಗೆ ಎಂಬತ್ತು ಹತ್ತಿರ. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

“ಈ ಸಲ ಗೊರಿತ್ಸಾ ಅಡುಗೆ ಮಾಡ್ಲಿ. ನಿನ್ನ ಹೆಂಡ್ತೀನ ಕಿಟಕಿ ಪಕ್ಕ ಕುರ್ಚಿ ಹಾಕಿ, ಶಾಲು ಹೊದಿಸಿ ಕೂರ್ಸು. ಬಂದೋರು ಮಾತಾಡಿಸ್ಕೊಂಡು ಹೋಗ್ತಾರೆ” ಎಂದಳು.

“ಅವಳು ಈ ಮನೆಯಾಕೆ ಅಕ್ಕ. ಕೂರಲ್ಲ.”

“ಮನೆಯಾಕೆ ಅನ್ನೋದು ಅವಳಿಗೇ ನೆನಪಿದ್ಯಾ? ಮೊನ್ನೆ ನನ್ನನ್ನ ‘ಯಾರ ಮನೆಯೋರಮ್ಮ ನೀವು’ ಅಂದ್ಳು. ನಾನು ಹೊಟ್ಟೆಗೆ ಹಾಕ್ಕೊಂಡೆ. ಊರು ಹಾಕ್ಕೊಳ್ಳುತ್ತಾ? ಇಷ್ಟು ವರ್ಷ ಹೆಸರು ತಗೊಂಡೋಳು, ಮೇಜಿನ ಮುಂದೆ ನಿಂತು ನಗೆಪಾಟಲಾಗೋದು ನೋಡ್ಬೇಕಾ ನೀನು? ನಿನ್ನ ಹಟಕ್ಕೆ ಅವಳ ಮಾನ ಹೋಗುತ್ತೆ.”

ಮಾತಿನಲ್ಲಿ ವಿಷವಿರಲಿಲ್ಲ, ಅದೇ ಅವನನ್ನು ಚುಚ್ಚಿದ್ದು. ಅಕ್ಕ ಹೇಳಿದ್ದು ಸರಿಯಿರಬಹುದೆಂದು ಅವನಿಗೂ ಅನ್ನಿಸಿತು.

ಅವಳು ಹೋದ ಮೇಲೆ ಜಿವಾನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳಿತು. ಒಂದೊಂದು ದಿನ ಮಂಜು ಸರಿದ ಹಾಗೆ ಅವಳು ಪೂರ್ತಿ ಅವಳೇ ಆಗಿರುತ್ತಿದ್ದಳು, ಅಂದು ಅಂಥ ದಿನ.

“ರಾದಿಸಾವ್, ನನಗೆ ಏನಾಗ್ತಿದೆ ಅಂತ ನಂಗೊತ್ತು” ಎಂದಳು. “ಒಂದು ಮಾತು ಬರುತ್ತೆ, ಹಿಡಿಯೋಷ್ಟ್ರಲ್ಲಿ ಹೋಗಿರುತ್ತೆ. ಹೋಗೋದು ಹೋಗ್ಲಿ. ಆದ್ರೆ ಹಬ್ಬದ ದಿನ ನನ್ನನ್ನ ಕೂರಿಸ್ಬೇಡ. ಶಾಲು ಹೊದಿಸಿ ಮೂಲೇಲಿ ಇಡ್ಬೇಡ. ಎಲ್ರೆದುರಿಗೆ ಕೂರಿಸ್ದೆ ಅಂದ್ರೆ ನಾನು ಸತ್ತೆ ಅಂತ ನೀನೇ ಸಾರಿದ ಹಾಗೆ.”

“ಕೂರಿಸಲ್ಲ.”

“ಯಾರು ಹೇಳಿದ್ರೂ?”

“ಯಾರು ಹೇಳಿದ್ರೂ ಕೂರಿಸಲ್ಲ ಜಿವಾ. ನೀನು ನಿಂತಿರು, ನಾನು ಪಕ್ಕದಲ್ಲಿರ್ತೀನಿ.”

ಕೊಟ್ಟ ಮಾತು ಉಳಿಸಿಕೊಳ್ಳಲು ರಾದಿಸಾವ್ ಏನೇನೋ ಮಾಡಿದ. ನೆಣದ ಡಬ್ಬಿಗಳನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿ ಬೀಗ ಹಾಕಿದ. ಒಲೆಯ ಪಕ್ಕ ಎಣ್ಣೆಯ ಬಾಟಲಿಗಳನ್ನು ಸಾಲಾಗಿ ಇಟ್ಟ. ಬೀಜ, ಗೋಧಿ ಎಲ್ಲವನ್ನೂ ಗೊರಿತ್ಸಾ ಜಿವಾನಾಳ ಪಕ್ಕದಲ್ಲೇ ನಿಂತು ಹಿಂದಿನ ದಿನವೇ ಬೇಯಿಸಿದಳು, ಕೈ ಅತ್ತೆಯದು, ಕಣ್ಣು ಸೊಸೆಯದು. “ನನ್ನನ್ನೇನು ಕಳ್ಳಿ ಹಾಗೆ ಕಾಯ್ತೀಯಲ್ಲೇ” ಎಂದು ಜಿವಾನಾ ಗೊಣಗಿದಳು. “ನಿಮ್ಮ ಹತ್ರ ಕಲಿಯೋಕೆ ಅತ್ತೆ” ಎಂದು ಗೊರಿತ್ಸಾ ಸಂಭಾಳಿಸಿದಳು. ಒಳ್ಳೆಯ ಹೆಣ್ಣುಮಗಳು, ಅವಳನ್ನು ಯಾರೂ ದೂರುವಂತಿಲ್ಲ.

ಹಬ್ಬದ ಬೆಳಿಗ್ಗೆ ಹಬ್ಬದ ಬ್ರೆಡ್ಡನ್ನೂ ವೈನನ್ನೂ ತೆಗೆದುಕೊಂಡು ರಾದಿಸಾವ್ ಮಗನ ಜೊತೆ ಚರ್ಚಿಗೆ ಹೋದ. ಬ್ರೆಡ್ಡನ್ನು ಪಾದ್ರಿಗಳ ಕೈಲಿ ಕತ್ತರಿಸಿಕೊಂಡು ತರಬೇಕು. ಕೆಳಗಿನ ಓವನ್ನಿನಲ್ಲಿ ಜಾಗ ಸಾಲದೆಂದು ಗೊರಿತ್ಸಾ ಮೀನು ಸುಡಲು ಮಹಡಿಗೆ ಹೋದಳು. ಉಪವಾಸದ ಬನ್ನಿಗೆಂದು ಅವಳು ಎಣ್ಣೆ ಹಾಕಿ ನಾದಿಟ್ಟ ಹಿಟ್ಟು ಕೆಳಗೆ ಉಬ್ಬುತ್ತಿತ್ತು. ನಡುವೆ ಒಮ್ಮೆ ಇಳಿದು ನೋಡಿದಾಗ ಅತ್ತೆ ಹಿಟ್ಟನ್ನು ಲಟ್ಟಿಸಿ ಮಡಿಸುತ್ತಿದ್ದಳು, ತೋಳಿನವರೆಗೆ ಹಿಟ್ಟು, ಬಾಯಲ್ಲಿ ಸಣ್ಣಗೆ ಹಾಡು. ನೋಡಿ ಅವಳಿಗೆ ಸಂತೋಷವೇ ಆಯಿತು. ಮಹಡಿ ಮೆಟ್ಟಿಲ ಕೆಳಗೆ ತಣ್ಣನೆಯ ಮೂಲೆಯಲ್ಲಿ ಕ್ರಿಸ್ಮಸ್ಸಿಗೆಂದು ತೆಗೆದಿಟ್ಟ ನೆಣಚೂರಿನ ಜಾಡಿ ಇದ್ದದ್ದು ಅವಳಿಗೂ ಹೊಳೆಯಲಿಲ್ಲ, ಡಬ್ಬಿಗಳಿಗೆಲ್ಲ ಬೀಗ ಹಾಕಿದ ರಾದಿಸಾವನಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಜು ತುಂಬಿತು. ಹಳೆಯ ಬಸ್ಸಿನ ಗೆಳೆಯರು, ಅಕ್ಕಪಕ್ಕದವರು, ಕೆಂಪು ಶಾಲು ಮಡಿಸಿ ತೊಡೆಯ ಮೇಲಿಟ್ಟುಕೊಂಡ ಲೆಪೊಸಾವಾ. ಆ ಶಾಲು ಯಾರಿಗೆಂದು ರಾದಿಸಾವನಿಗೆ ಗೊತ್ತಿತ್ತು. ಮನೆಮನೆಗೆ ಹೋಗುತ್ತಿದ್ದ ಪಾದ್ರಿ ಗಾವ್ರಿಲೊ ಕೂಡ ಬಂದು ಮೇಜಿನ ತಲೆಯ ಕಡೆ ಕೂತರು. ಮೂಲೆಯಲ್ಲಿ ಹಬ್ಬದ ಮೇಣದಬತ್ತಿ ಉರಿಯುತ್ತಿತ್ತು. ಮೀನು, ಬೀಜ, ಪ್ಲಮ್ ಸಾರಾಯಿ ಎಲ್ಲ ಒಂದು ಸುತ್ತು ಬಂತು. ಜಿವಾನಾ ಹಬ್ಬದ ಏಪ್ರನ್ ಕಟ್ಟಿ ಬಾಗಿಲ ಹತ್ತಿರ ನಿಂತಿದ್ದಳು, ನೆಟ್ಟಗೆ. ಬಂದವರೆಲ್ಲ ಅವಳ ಕೈ ಹಿಡಿದು ಮಾತಾಡಿಸಿದರು. ಅವಳೂ ಹೆಸರು ಬೇಕಾಗದ ಮಾತುಗಳಲ್ಲೇ ಚೆನ್ನಾಗಿ ಉತ್ತರ ಕೊಟ್ಟಳು. ಈ ಒಂದು ದಿನ ಕಳೆದರೆ ಸಾಕಪ್ಪ ಎಂದು ರಾದಿಸಾವ್ ಸಂತ ನಿಕೊಲಾನನ್ನು ಬೇಡಿಕೊಳ್ಳುತ್ತಿದ್ದ.

ಆಗ ಅವಳು ಒಳಗೆ ಹೋಗಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ ತಂದಳು. ಮೇಜಿನ ನಟ್ಟನಡುವೆ, ಪಾದ್ರಿಗಳ ಮುಂದೆ ಇಟ್ಟು ಬಟ್ಟೆ ತೆಗೆದಳು. ಪದರಪದರವಾಗಿ ಎದ್ದ ಬಿಸಿ ಬನ್ನುಗಳು. ನೆಣದ ವಾಸನೆ ಕೋಣೆಯೆಲ್ಲ ತುಂಬಿತು.

“ತಗೊಳ್ಳಿ, ಬಿಸಿ ಇದೆ” ಎಂದಳು ಮುಖ ಅರಳಿಸಿಕೊಂಡು. “ಯೊವಾನನ ಹಬ್ಬಕ್ಕೆ ನೆಣಚೂರಿನ ಬನ್ನಿಲ್ಲ ಅಂದ್ರೆ ನಮ್ಮಪ್ಪ ಮನೆ ತಲೆಕೆಳಗು ಮಾಡ್ತಾರೆ.”

ಗೊರಿತ್ಸಾ ಬಾಗಿಲಲ್ಲಿ ಮೀನಿನ ತಟ್ಟೆ ಹಿಡಿದು ನಿಂತವಳು ನಿಂತೇ ಇದ್ದಳು. ಉಪವಾಸದ ನಡುವೆ, ಸಂತ ನಿಕೊಲಾನ ಮೇಣದಬತ್ತಿಯ ಎದುರಿಗೆ, ಪಾದ್ರಿಗಳ ಮುಂದೆ ನೆಣ. ಆ ಊರಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಲೆಪೊಸಾವಾ ಶಾಲು ಹಿಡಿದು ಅರ್ಧ ಎದ್ದಳು. ಜಿವಾನಾಳ ಮುಖದಲ್ಲಿದ್ದ ನಗು ಹಾಗೇ ಇತ್ತು, ಆದರೆ ಕಣ್ಣು ಒಬ್ಬೊಬ್ಬರ ಮುಖವನ್ನೂ ಹುಡುಕತೊಡಗಿತ್ತು. ಏನೋ ತಪ್ಪಾಗಿದೆ, ಏನೆಂದು ತಿಳಿಯುತ್ತಿಲ್ಲ.

ರಾದಿಸಾವ್ ಕೈ ಚಾಚಿ ಒಂದು ಬನ್ನು ತೆಗೆದುಕೊಂಡ. ಎದೆ ಕೈಕೊಟ್ಟ ಮೇಲೆ ಅವನು ನೆಣ ಬಾಯಿಗೆ ಹಾಕಿದವನಲ್ಲ, ಉಪವಾಸ ಮುರಿದವನೂ ಅಲ್ಲ. ಮುರಿದು ಬಾಯಿಗಿಟ್ಟ. ಪದರ ಸರಿಯಾಗಿ ಬಿಟ್ಟಿತ್ತು, ನೆಣಚೂರು ಬೇಕಾದಷ್ಟೇ ಸೀದಿತ್ತು. ತಲೆಯಿಂದ ಹೋದದ್ದೆಲ್ಲ ಕೈಯಲ್ಲಿ ಹಾಗೇ ಇತ್ತು. ನುಂಗಿ, “ಚೆನ್ನಾಗಿದೆ ಜಿವಾ” ಎಂದ.

ಎಲ್ಲರೂ ಪಾದ್ರಿಗಳ ಕಡೆ ನೋಡಿದರು. ಗಾವ್ರಿಲೊ ಗಡ್ಡ ನೀವಿಕೊಂಡು ಎದ್ದರು. “ನನಗಿನ್ನೂ ಸುಮಾರು ಮನೆ ಇದೆಯಮ್ಮ. ಎರಡು ಕಟ್ಟಿಕೊಡ್ತೀರಾ? ಹಬ್ಬದ ಮನೆಯಿಂದ ಬರಿಗೈಲಿ ಹೋಗಬಾರದು.”

“ಎರಡ್ಯಾಕೆ, ಆರು ತಗೊಳ್ಳಿ. ನಿಮ್ಮನ್ನ ನೋಡಿದ್ರೆ ಮನೇಲಿ ಅನ್ನ ಹಾಕೋರು ಇಲ್ಲ ಅನ್ಸುತ್ತೆ” ಎಂದು ಜಿವಾನಾ ಕಟ್ಟಿಕೊಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟು ಹೊರಟರು.

ಬಸ್ಸಿನ ಗೆಳೆಯನೊಬ್ಬ ತಿಂದ. ಪಕ್ಕದ ಮನೆಯಾಕೆ ಒಂದನ್ನು ಕರವಸ್ತ್ರದಲ್ಲಿ ಸುತ್ತಿ, ಮನೆಯಲ್ಲಿ ಗಂಡನಿಗೆ ಕೊಡುತ್ತೇನೆಂದಳು. ಉಳಿದವಳು ಲೆಪೊಸಾವಾ. ಅವಳು ಮತ್ತೆ ಕೂತು, ಶಾಲನ್ನು ಮೇಜಿನ ಕೆಳಗೆ ತುರುಕಿ, ಬನ್ನು ಮುರಿದು ತಿಂದು, “ಉಪ್ಪು ಕಮ್ಮಿ” ಎಂದಳು.

“ಅತ್ತಿಗೆ, ನಿಮ್ಮ ನಾಲಿಗೇಲಿ ಇರೋದೇ ಸಾಕಲ್ವಾ ಅಂತ ಕಮ್ಮಿ ಹಾಕ್ದೆ” ಎಂದಳು ಜಿವಾನಾ.

ಕೋಣೆಗೆ ಕೋಣೆಯೇ ನಕ್ಕಿತು. ಅತ್ತಿಗೆ ಎಂದಳಲ್ಲ ಎಂದು ಲೆಪೊಸಾವಾ ನಗುತ್ತಾ ಕಣ್ಣೊರೆಸಿಕೊಂಡಳು. ರಾದಿಸಾವನ ಮೈಮೇಲಿಂದ ಮಣ ಭಾರ ಇಳಿದ ಹಾಗಾಯಿತು. ಅವಳು ನಿಂತಿದ್ದಳು, ನಿಂತು ತಿರುಗಿ ಮಾತು ಕೊಟ್ಟಿದ್ದಳು, ಯಾರೂ ಅವಳನ್ನು ಕೂರಿಸಿರಲಿಲ್ಲ. ಕೊಟ್ಟ ಮಾತು ಉಳಿಯಿತೆಂದು ಅವನು ಗ್ಲಾಸುಗಳಿಗೆ ಮತ್ತೆ ಸಾರಾಯಿ ಸುರಿದ.

ಹೊತ್ತು ಇಳಿಯುತ್ತಾ ಅತಿಥಿಗಳು ಒಬ್ಬೊಬ್ಬರಾಗಿ ಎದ್ದರು. ಲೆಪೊಸಾವಾ ಮತ್ತು ಇಬ್ಬರು ಗೆಳೆಯರು ಉಳಿದಿದ್ದರು. ಗೊರಿತ್ಸಾ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ರಾದಿಸಾವ್ ತಟ್ಟೆ ಎತ್ತುತ್ತಾ ತಿರುಗಿ ನೋಡಿದಾಗ ಜಿವಾನಾ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಳು. ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಿಸಿ, ಬೇರೆಯವರ ಮನೆಯ ವಸ್ತುವನ್ನು ಇಡುವ ಹಾಗೆ ಜೋಪಾನವಾಗಿ ಕಪಾಟಿನ ಮೇಲಿಟ್ಟಳು. ಕೂದಲು ಸವರಿಕೊಂಡಳು. ಆಮೇಲೆ ಕಿಟಕಿಯ ಕಡೆಯ ಕುರ್ಚಿ ಎಳೆದು, ಮೇಜಿಗೆ ಕೂತಳು.

ಯಾರೂ ಕೂರಿಸಲಿಲ್ಲ. ತಾನಾಗಿಯೇ ಕೂತಳು.

“ಕಾಲು ನೋಯ್ತಾ ಜಿವಾ?” ಎಂದು ರಾದಿಸಾವ್ ಹತ್ತಿರ ಹೋದ.

ಅವಳು ಮುಖವೆತ್ತಿದಳು. ಗುರುತಿಲ್ಲದವರ ಮನೆಯಲ್ಲಿ ಇಟ್ಟುಕೊಳ್ಳುವ ಮರ್ಯಾದೆಯ ನಗು ಅದು. ಮುಂದಿದ್ದ ಗ್ಲಾಸನ್ನು ಕೈಗೆತ್ತಿಕೊಂಡು, ಅತಿಥಿಗಳು ಹೇಳುವ ಹಾಗೆ, “ಮನೆಯೊಡೆಯರೇ, ನಿಮ್ಮ ಹಬ್ಬ ಸುಖವಾಗಿ ನಡೀಲಿ, ಮನೆ ತುಂಬಿರಲಿ” ಎಂದಳು. ಇಷ್ಟು ವರ್ಷದಲ್ಲಿ ಅವಳು ಅವನಿಗೆ ನೀವು ಎಂದದ್ದು ಇದೇ ಮೊದಲು.

ಲೆಪೊಸಾವಾ ತಲೆವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ರಾದಿಸಾವನಿಗೆ ಜಿವಾನಾಳ ಭುಜ ಹಿಡಿದು ಅಲ್ಲಾಡಿಸಿ, ನಾನು ಕಣೇ, ನಾನು ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. “ಬಂದದ್ದು ಸಂತೋಷ” ಎಂದ. ತಟ್ಟೆ ತಂದು ಮೀನು ಬಡಿಸಿದ, ಗೋಧಿ ಬಡಿಸಿದ. ಅವಳು ಸಾವಕಾಶವಾಗಿ ತಿಂದಳು, ಹೊತ್ತಾಯಿತು, ಅಪ್ಪ ದಾರಿ ನೋಡುತ್ತಿರುತ್ತಾರೆ, ಇನ್ನೊಂದು ಚೂರು ಹೊತ್ತು ಅಷ್ಟೇ ಎಂದಳು.

“ಊಟ ತುಂಬ ಚೆನ್ನಾಗಿದೆ. ಮನೆಯಾಕೆ ಎಲ್ಲಿ? ಕಾಣ್ಲೇ ಇಲ್ವಲ್ಲ.”

“ಒಳಗಿದಾಳೆ” ಎಂದ ರಾದಿಸಾವ್. “ಬೆಳಿಗ್ಗೆಯಿಂದ ನಿಂತೇ ಇದಾಳೆ.”

“ಪಾಪ, ಕರೀರಿ. ನಮ್ಮ ಜೊತೆ ಒಂದ್ನಿಮಿಷ ಕೂತ್ಕೊಳ್ಳಲಿ.”

“ಇವತ್ತು ಅವಳು ಕೂರಲ್ಲ.”

“ಹೌದೌದು, ಹಬ್ಬ ಅಲ್ವಾ” ಎಂದು ಜಿವಾನಾ ತಲೆಯಾಡಿಸಿದಳು. “ಹಾಗಾದ್ರೆ ನಾನು ಕೇಳ್ದೆ ಅಂತ ಹೇಳಿ.”

“ಹೇಳ್ತೀನಿ” ಎಂದು ರಾದಿಸಾವ್ ಅವಳ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡು, ತಟ್ಟೆಗೆ ಇನ್ನೊಂದು ಚಮಚ ಗೋಧಿ ಬಡಿಸಿದ.